ಕನ್ಯಾಕೀಟಗಳ ಕುಲಗೋತ್ರ

(ಬಾನುಲಿ ಭಾಷಣ)

ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂಬುದು ನಮ್ಮ ಹಿರಿಯರ ಮಾತು. ಜೀವಶಾಸ್ತ್ರಜ್ಞನು ಈ ಮಾತಿಗೆ ಕಿವಿಗೊಡುವವನಲ್ಲ. ಕಣ್ಣಿಗೆ ಬಿದ್ದ ಪ್ರತಿಯೊಂದು ಜೀವಿಯ ಮೂಲವನ್ನೂ ಕೇಳುವುದೇ ಅವನ ಕಸಬು. ನೀನು ಯಾರ ಪೈಕಿ? ನಿನ್ನ ಒಡಹುಟ್ಟುಗಳು ಯಾರು? ನಿನ್ನ ದಾಯಾದಿಗಳು ಯಾವ ದೇಶದಲ್ಲಿ ನೆಲಸಿದ್ದಾರೆ? ಹೀಗೆ ಅವನ ಪ್ರಶ್ನೆಗಳು ಸಾಗುತ್ತವೆ. ಅಂಥದೊಂದು ವಿಚಾರಣೆಯ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ. ಸುಮಾರು ಎರಡೂವರೆ ಶತಮಾನಗಳಿಂದ ನಡೆದುಬಂದ ಈ ವಿಚಾರಣೆ ಇನ್ನೂ ಮುಗಿದಿಲ್ಲ. ವಿಚಾರಣೆಗೆ ಒಳಗಾದವರಾದರೋ ನೀರಿನ ಅಂಚಿನಲ್ಲಿ ಬಾಳುವ, ಸೂಜಿಯಂತೆ ತೆಳ್ಳಗಿರುವ, ನಾಲ್ಕು ರೆಕ್ಕೆಗಳ ಪುಟ್ಟ ಕೀಟಗಳು.

ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎಂದು ಕರೆಯುವ ಕೀಟ ನಿಮಗೆಲ್ಲ ಗೊತ್ತು. ಮಳೆ ಬಿಟ್ಟ ಮೇಲೆ ಬಯಲಿನ ಮೇಲೆ ಗುಂಪುಗುಂಪಾಗಿ ಹಾರುವ, ದಪ್ಪ ಎದೆಯ, ದೊಡ್ಡ ಕಣ್ಣಿನ ಆ ಕೀಟ ನಿಜಕ್ಕೂ ಚಿಟ್ಟೆಯಲ್ಲ. ಇಂಗ್ಲಿಷಿನವರು ಅದನ್ನು ಡ್ರ್ಯಾಗನ್‌ಫ್ಲೈ ಎನ್ನುತ್ತಾರೆ. ಅದರ ಮನೆತನಕ್ಕೇ ಸೇರಿದ ಇನ್ನೊಂದು ಶಾಖೆಯ ಕೀಟಕ್ಕೆ ಅವರ ಭಾಷೆಯಲ್ಲಿ ಡ್ಯಾಮ್ಸೆಲ್‌ಫ್ಲೈ ಎಂದು ಹೆಸರು. ಡ್ಯಾಮ್ಸೆಲ್ ಎಂದರೆ ಕನ್ಯೆ. ಈ ಮಾತುಗಳ ಮಟ್ಟಿಗೆ ನಾನು ಅದನ್ನು ಕನ್ಯಾಕೀಟವೆಂದು ಕರೆಯುತ್ತೇನೆ.

ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಏರೋಪ್ಲೇನ್ ಚಿಟ್ಟೆ ಕುಳಿತಾಗಲೂ ರೆಕ್ಕೆಗಳನ್ನು ಎರಡು ಬದಿಗೆ ಚಾಚಿಕೊಂಡೇ ಇರುತ್ತದೆ. ಅದರ ಹಿಂದಿನ ರೆಕ್ಕೆ ಮುಂದಿನದಕ್ಕಿಂತ ಬುಡದಲ್ಲಿ ಅಗಲ. ಕಣ್ಣುಗಳೆರಡೂ ಸಾಮಾನ್ಯವಾಗಿ ತಲೆಯ ಮೇಲೆ ಒಂದನ್ನೊಂದು ಮುಟ್ಟುವಷ್ಟು ದೊಡ್ಡವು. ಕನ್ಯಾಕೀಟದ ನಾಲ್ಕು ರೆಕ್ಕೆಗಳೂ ಹೆಚ್ಚುಕಡಮೆ ಒಂದೇ ಆಕಾರದವು. ಕುಳಿತಾಗ ಅವು ಕೈಮುಗಿದಂತೆ ಬೆನ್ನ ಮೇಲೆ ಕೂಡಿಕೊಳ್ಳುತ್ತವೆ. ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರದೂರ ನಿಂತಿರುತ್ತವೆ. ಹಾರಾಟದಲ್ಲಿಯೂ ಅಷ್ಟೇ: ಒಂದು ಬಯಲನ್ನು ಬಾಣದಂತೆ ಸೀಳಿ ಹೋದರೆ ಇನ್ನೊಂದು ಹುಲ್ಲಿನ ಎಸಳಿನಿಂದ ಎಸಳಿಗೆ ಸದ್ದಿಲ್ಲದೆ ತೇಲುತ್ತದೆ.

ಇಷ್ಟು ಮೃದುವಾದ ಹೆಸರು ಹೊತ್ತ ಈ ಕೀಟ ಅಪ್ಪಟ ಬೇಟೆಗಾರ ಪ್ರಾಣಿ. ಹೆಣ್ಣು ತನ್ನ ಮೊಟ್ಟೆಗಳನ್ನು ನೀರುಸಸ್ಯದ ದಂಟಿನೊಳಗೆ ಚುಚ್ಚಿ ಇಡುತ್ತದೆ. ಕೆಲವು ಪ್ರಭೇದಗಳಲ್ಲಿ ಅದಕ್ಕಾಗಿ ನೀರಿನಲ್ಲಿ ಪೂರಾ ಮುಳುಗುವುದೂ ಉಂಟು. ಹೊರಬಂದ ಮರಿಗೆ ನಮ್ಮ ಕೃಷಿವಿಜ್ಞಾನದ ಪುಸ್ತಕಗಳು ಕೊಟ್ಟಿರುವ ಹೆಸರು ‘ಅಪ್ಸರೆ’. ಈ ಅಪ್ಸರೆಯ ಬಾಲದ ತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳಿವೆ. ಅದರ ಕೆಳದುಟಿ ಮಡಿಸಿಟ್ಟ ತೋಳಿನಂತಿದ್ದು, ಸೊಳ್ಳೆಯ ಮರಿ ಹತ್ತಿರ ಸುಳಿದೊಡನೆ ಥಟ್ಟನೆ ಮುಂದಕ್ಕೆ ಚಿಮ್ಮಿ ಅದನ್ನು ಹಿಡಿದು ಬಾಯಿಗೆ ತರುತ್ತದೆ. ಹಲವು ಬಾರಿ ಪೊರೆ ಕಳಚಿ ಬೆಳೆದ ಮೇಲೆ ಒಂದು ದಿನ ಮರಿ ದಂಟು ಹಿಡಿದು ಮೇಲೇರುತ್ತದೆ, ಬೆನ್ನು ಬಿರಿಯುತ್ತದೆ, ರೆಕ್ಕೆಯುಳ್ಳ ಕೀಟ ಹೊರಬೀಳುತ್ತದೆ. ರೆಕ್ಕೆಯ ಬಾಳು ಕೆಲವೇ ವಾರಗಳದು. ಆದುದರಿಂದ ನಾವು ಕಾಣುವ ಕನ್ಯಾಕೀಟವು ನೀರೊಳಗೆ ಕಳೆದ ಒಂದು ಬಾಳಿನ ಕೊನೆಯ ಅಧ್ಯಾಯ ಮಾತ್ರ.

ಇನ್ನು ಹೆಸರಿನ ಕಥೆ. ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟಾಗ ಏರೋಪ್ಲೇನ್ ಚಿಟ್ಟೆಗಳನ್ನೂ ಕನ್ಯಾಕೀಟಗಳನ್ನೂ ‘ಲಿಬೆಲ್ಯುಲ’ ಎಂಬ ಒಂದೇ ಕುಲಕ್ಕೆ ಸೇರಿಸಿಬಿಟ್ಟ. ಆದರೂ ಅವನ ಕಣ್ಣು ಭೇದವನ್ನು ಕಾಣದೆ ಇರಲಿಲ್ಲ. ಯುರೋಪಿನ ತೊರೆಗಳ ನೀಲಿ ರೆಕ್ಕೆಯ ಕೀಟವೊಂದಕ್ಕೆ ಅವನಿಟ್ಟ ಹೆಸರು ‘ವಿರ್ಗೊ’, ಕನ್ಯೆ. ಕೊಳದ ಅಂಚಿನ ಇನ್ನೊಂದಕ್ಕೆ ‘ಪುಯೆಲ್ಲ’, ಎಂದರೆ ಹುಡುಗಿ. ಫ್ರೆಂಚರು ಇವನ್ನು ದಮ್ವಾಸೆಲ್ ಎಂದರೆ ಜರ್ಮನರು ಜಲಕನ್ಯೆ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಆಮೇಲೆ ಬಂದವರು ಇಷ್ಟು ಕೋಮಲರಾಗಿರಲಿಲ್ಲ. ಡೆನ್ಮಾರ್ಕಿನ ಫ್ಯಾಬ್ರಿಶಿಯಸ್ 1793ರಲ್ಲಿ ಈ ಇಡೀ ಗಣಕ್ಕೆ ‘ಓಡೊನೇಟ’ ಎಂಬ ಹೆಸರಿಟ್ಟ. ಹಲ್ಲು ಎಂಬ ಅರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಪದವದು. ಮತ್ತೊಂದು ಕುಲಕ್ಕೆ ದರೋಡೆಗಾರ ಎಂಬರ್ಥದ ‘ಲೆಸ್ಟಿಸ್’ ಎಂಬ ಹೆಸರು ಬಂತು. ಆ ಕುಲದ ಯುರೋಪಿನ ಒಂದು ಪ್ರಭೇದದ ಪೂರ್ಣ ನಾಮಧೇಯ ‘ಲೆಸ್ಟಿಸ್ ಸ್ಪಾನ್ಸ’, ಅಂದರೆ ದರೋಡೆಗಾರ ವಧು! ಒಂದೇ ಕೀಟದ ಹೆಸರಿನಲ್ಲಿ ಅದರ ರೂಪವೂ ಸ್ವಭಾವವೂ ಹೀಗೆ ಕೂಡಿಬಂದದ್ದು ಅಪೂರ್ವ.

ಈ ಸಂಸಾರವನ್ನು ಕ್ರಮವಾಗಿ ಪಾಲು ಹಂಚಿದವನು ಬೆಲ್ಜಿಯಂ ದೇಶದ ಎಡ್ಮಂಡ್ ದ ಸೆಲಿಸ್ ಲೋಂಶಾಂ. 1813ರಲ್ಲಿ ಹುಟ್ಟಿದ ಈ ಶ್ರೀಮಂತ ಮುಂದೆ ತನ್ನ ದೇಶದ ಸೆನೆಟ್ಟಿನ ಅಧ್ಯಕ್ಷನೂ ಆದ. ರಾಜಕಾರಣದ ಗದ್ದಲದ ನಡುವೆಯೂ ಅವನು ಬಿಡದೆ ಸಾಕಿಕೊಂಡ ಚಟ ಇದೊಂದೇ: ಲೋಕದ ಮೂಲೆಮೂಲೆಗಳಿಂದ ಈ ಕೀಟಗಳನ್ನು ತರಿಸುವುದು, ಹೋಲಿಸುವುದು, ಹೆಸರಿಡುವುದು. ಅವನ ಸಂಗ್ರಹ ಇಂದಿಗೂ ಬ್ರಸೆಲ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 1854ರಲ್ಲಿ ಅವನು ಕನ್ಯಾಕೀಟಗಳನ್ನು ಪ್ರತ್ಯೇಕ ಉಪಗಣವಾಗಿ ಬೇರೆ ಮಾಡಿ ‘ಜೈಗಾಪ್ಟೆರ’ ಎಂದು ಕರೆದ. ಗ್ರೀಕಿನ ‘ಜೈಗಾನ್’ ಎಂದರೆ ನೊಗ. ಸಂಸ್ಕೃತದ ‘ಯುಗ’ ಶಬ್ದದ ಒಡಹುಟ್ಟು. ನೊಗಕ್ಕೆ ಕಟ್ಟಿದ ಜೋಡಿಯಂತೆ ಸಮನಾದ ರೆಕ್ಕೆಗಳುಳ್ಳದ್ದು ಎಂಬುದು ಇದರ ಅಭಿಪ್ರಾಯ.

ಈ ಉಪಗಣವನ್ನು ಮತ್ತೆ ಕುಟುಂಬಗಳಾಗಿ ಒಡೆಯುವುದು ಹೇಗೆ? ಸೆಲಿಸನೂ ಅವನ ತರುವಾಯದವರೂ ಹಿಡಿದ ದಾರಿ ರೆಕ್ಕೆಯ ಸಿರೆಗಳನ್ನು ಓದುವುದು. ಸತ್ತ ಕೀಟದ ಮೈಬಣ್ಣ ಬೇಗ ಮಾಸುತ್ತದೆ. ಆದರೆ ರೆಕ್ಕೆಯ ಸಿರೆಗಳ ಜಾಲ ನೂರು ವರ್ಷವಾದರೂ ಹಾಗೆಯೇ ಉಳಿಯುತ್ತದೆ. ಯಾವ ಸಿರೆ ಎಲ್ಲಿ ಕವಲೊಡೆಯಿತು, ಯಾವುದು ಗಿಡ್ಡವಾಯಿತು, ಯಾವುದು ಇಲ್ಲವೇ ಆಯಿತು ಎಂಬುದನ್ನು ವಿದ್ವಾಂಸರು ಹಳೆಯ ಶಾಸನವನ್ನು ಓದುವವರ ತಾಳ್ಮೆಯಿಂದ ಓದಿದರು.

ಅಂಥ ಓದುಗರಲ್ಲಿ ನಮ್ಮ ನಾಡಿಗೆ ತೀರ ಹತ್ತಿರದವನು ಫ್ರೆಡರಿಕ್ ಚಾರ್ಲ್ಸ್ ಫ್ರೇಸರ್. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಶಸ್ತ್ರವೈದ್ಯನಾಗಿದ್ದ ಈ ಇಂಗ್ಲಿಷಿನವನು ಕೊಡಗು, ನೀಲಗಿರಿ ಮೊದಲಾದ ಮಲೆಸೀಮೆಗಳ ತೊರೆಗಳಲ್ಲಿ ಅಲೆದು ಕೀಟಗಳನ್ನು ಕೂಡಿಸಿದ. 1933, 1934 ಮತ್ತು 1936ರಲ್ಲಿ ಭಾರತದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಅವನ ಮೂರು ಸಂಪುಟಗಳು ಹೊರಬಂದವು. ಇಂದಿಗೂ ನಮ್ಮಲ್ಲಿ ಈ ಕೀಟಗಳ ಅಭ್ಯಾಸಕ್ಕೆ ತೊಡಗುವವರು ಮೊದಲು ತೆರೆಯುವ ಪುಸ್ತಕಗಳು ಅವೇ.

ಪಾಲು ಹಂಚುವವರ ಮಾತು ಸಾಕು. ಪಾಲಿಗೆ ಬಂದ ಆಸ್ತಿ ಎಷ್ಟೆಂದು ನೋಡೋಣ. ಇದುವರೆಗೆ ಹೆಸರು ಪಡೆದಿರುವ ಕನ್ಯಾಕೀಟಗಳ ಪ್ರಭೇದಗಳು 3,000ಕ್ಕೂ ಮಿಕ್ಕಿವೆ. ಅಂಟಾರ್ಕ್‌ಟಿಕ ಒಂದನ್ನು ಬಿಟ್ಟರೆ ಎಲ್ಲ ಖಂಡಗಳಲ್ಲಿಯೂ ಇವುಂಟು. ಎಲ್ಲಕ್ಕಿಂತ ದೊಡ್ಡದು ‘ಮೆಗಲೋಪ್ರಿಪಸ್’ ಎಂಬ ಹೆಸರಿನದು. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಮಳೆಕಾಡುಗಳಲ್ಲಿ ವಾಸಿಸುವ ಇದು ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 19 ಸೆಂಟಿಮೀಟರುಗಳವರೆಗೆ ಇರುವುದುಂಟು. ರೆಕ್ಕೆಯ ತುದಿಯಲ್ಲಿ ಕಡುನೀಲಿಯ ಪಟ್ಟೆ. ಇದು ಸೊಳ್ಳೆ ನೊಣಗಳ ಬೆನ್ನು ಹತ್ತುವುದಿಲ್ಲ. ಬಲೆಯ ನಡುವೆ ಕುಳಿತ ಜೇಡವನ್ನೇ ಎತ್ತಿಕೊಂಡು ಹೋಗುತ್ತದೆ. ಇದರ ಮರಿಗಳು ಬೆಳೆಯುವುದು ಕೆರೆಯಲ್ಲಲ್ಲ, ತೊರೆಯಲ್ಲೂ ಅಲ್ಲ; ಮರದ ಪೊಟರೆಯಲ್ಲಿ ನಿಂತ ಮಳೆನೀರಿನಲ್ಲಿ. ಗಂಡು ಅಂಥ ಒಂದು ಪೊಟರೆಯನ್ನು ತನ್ನದೆಂದು ಕಾದುಕೊಂಡಿರುತ್ತದೆ. ಆ ನೀರು ಬೇಕಾದ ಹೆಣ್ಣು ಅದರ ಬಳಿಗೇ ಬರಬೇಕು.

ಇನ್ನೊಂದು ತುದಿಯಲ್ಲಿ ‘ಅಗ್ರಿಯಾಕ್ನೆಮಿಸ್’ ಕುಲದ ಕೀಟಗಳಿವೆ. ನಮ್ಮ ಗದ್ದೆಯ ಬದುವಿನ, ಕೆರೆಯಂಚಿನ ಹುಲ್ಲಿನಲ್ಲಿಯೇ ಇವು ಸಿಗುತ್ತವೆ. ಮೈಯುದ್ದ ಸುಮಾರು 2 ಸೆಂಟಿಮೀಟರು. ಒಂದೊಂದು ರೆಕ್ಕೆ ಸುಮಾರು ಒಂದೇ ಸೆಂಟಿಮೀಟರು. ಬಗ್ಗಿ ನೋಡದಿದ್ದರೆ ಇದೊಂದು ಕೀಟವೆಂದೇ ತಿಳಿಯದು; ಹುಲ್ಲಿನ ನೆರಳು ಅಲ್ಲಾಡಿದಂತೆ ತೋರುತ್ತದೆ.

ನೀರಿನ ಕೀಟವೆಂದ ಮೇಲೆ ನೀರು ಬೇಕೇಬೇಕಲ್ಲವೆ? ಹವಾಯಿ ದ್ವೀಪಗಳಲ್ಲಿ ಈ ನಿಯಮವೂ ಸಡಿಲಿದೆ. ಸಾಗರದ ನಡುವೆ ಜ್ವಾಲಾಮುಖಿಗಳಿಂದ ಎದ್ದ ಆ ನೆಲಕ್ಕೆ ಯಾವ ಕಾಲದಲ್ಲೋ ಬಂದು ಸೇರಿದ ಒಂದು ಮೂಲದಿಂದ ‘ಮೆಗಲಾಗ್ರಿಯಾನ್’ ಎಂಬ ಕುಲ ಹರಡಿಕೊಂಡಿತು. ಈಗ ಅದರಲ್ಲಿ 20ಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವುಗಳ ಮರಿಗಳು ಹೊಳೆಯಲ್ಲಿ, ಕೆಲವುಗಳವು ಎಲೆಗಳ ಬುಡದಲ್ಲಿ ನಿಂತ ನೀರಿನಲ್ಲಿ ಬೆಳೆಯುತ್ತವೆ. ಓವಾಹು ದ್ವೀಪದ ಒಂದು ಪ್ರಭೇದದ ಮರಿಯಂತೂ ಹೊಳೆ ಕೊಳಗಳ ಹಂಗನ್ನೇ ತೊರೆದು ಜರೀಗಿಡಗಳ ಕೆಳಗಿನ ಒದ್ದೆ ತರಗೆಲೆಗಳಲ್ಲಿ ನಡೆದಾಡಿಕೊಂಡಿರುತ್ತದೆ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಮತ್ತೊಂದು ವಿಚಿತ್ರವಿದೆ. ಅಮೆರಿಕದಲ್ಲಿ ಗಂಡುಹೆಣ್ಣುಗಳೆರಡೂ ಇರುವ ‘ಇಷ್ನೂರ ಹಸ್ಟೇಟ’ ಎಂಬ ಪ್ರಭೇದ ಅಲ್ಲಿ ಬರಿಯ ಹೆಣ್ಣುಗಳ ಸಂಸಾರವಾಗಿದೆ. ಗಂಡಿನ ಸಂಪರ್ಕವಿಲ್ಲದೆ ಹೆಣ್ಣು ಮೊಟ್ಟೆಯಿಡುತ್ತದೆ. ಅವುಗಳಿಂದ ಹುಟ್ಟುವುವೂ ಹೆಣ್ಣುಗಳೇ. 1990ರಲ್ಲಿ ಈ ಸಂಗತಿ ಪ್ರಕಟವಾಯಿತು. ಇಡೀ ಓಡೊನೇಟ ಗಣದಲ್ಲಿಯೇ ಹೀಗೆ ಬಾಳುವ ಇನ್ನೊಂದು ಸಮುದಾಯ ನಿಸರ್ಗದಲ್ಲಿ ಕಂಡುಬಂದಿಲ್ಲ.

ನಮ್ಮ ಪಶ್ಚಿಮಘಟ್ಟದ ರಭಸದ ತೊರೆಗಳಲ್ಲಿ ‘ಯೂಫಿಯ’ ಕುಲದ ಕೀಟಗಳಿವೆ. ಗಂಡಿನ ಮೈ ಕಪ್ಪು, ಕೆಂಪು. ಬಂಡೆಯ ನೆತ್ತಿಯಲ್ಲಿ ಕುಳಿತಾಗ ಕೆಂಡದ ಕಡ್ಡಿಯಂತೆ ತೋರುತ್ತದೆ. ಇದರ ಮರಿಗೆ ಬಾಲದ ಕಿವಿರುಗಳಲ್ಲದೆ ಹೊಟ್ಟೆಯ ಎರಡು ಬದಿಗಳಲ್ಲಿಯೂ ಕಿವಿರುಗಳ ಸಾಲಿದೆ. ಹೀಗೆ ಲೋಕದ ಒಂದೊಂದು ನೀರಿಗೂ ತಕ್ಕ ಒಂದೊಂದು ಬಾಳು ಈ ಕುಲದಲ್ಲಿ ರೂಪುಗೊಂಡಿದೆ.

ಇಷ್ಟೊಂದು ಬಗೆಗಳಿದ್ದ ಮೇಲೆ ಅವುಗಳನ್ನು ನೋಟದಿಂದಲೇ ವಿಂಗಡಿಸಬಹುದಲ್ಲ ಎಂದು ನೀವು ಕೇಳಬಹುದು. ಇಲ್ಲಿಯೇ ತೊಡಕು ಆರಂಭವಾಗುತ್ತದೆ. ನಮ್ಮ ಕೆರೆಗಳ ಅಂಚಿನಲ್ಲಿ ಸಾಮಾನ್ಯವಾದ ‘ಇಷ್ನೂರ ಸೆನೆಗಲೆನ್ಸಿಸ್’ ಎಂಬುದನ್ನು ನೋಡಿ. ಅದರ ಎಳೆಯ ಹೆಣ್ಣಿನ ಮೈ ಕಿತ್ತಳೆ ಬಣ್ಣದ್ದಾಗಿರುವುದುಂಟು. ಕೆಲವು ಹೆಣ್ಣುಗಳು ಗಂಡಿನ ಬಣ್ಣವನ್ನೇ ತೊಟ್ಟಿರುತ್ತವೆ. ಒಂದೇ ತಾಯ ಮಕ್ಕಳು ಎರಡು ಮನೆಯವರಂತೆ ಕಾಣುತ್ತಾರೆ. ಇದಕ್ಕೆ ವಿರುದ್ಧವಾಗಿ, ನೆರಳುಗತ್ತಲೆಯ ತೊರೆಗಳಲ್ಲಿ ಬಾಳುವ ‘ಪ್ರೋಟೋಸ್ಟಿಕ್ಟ’ ಕುಲದಲ್ಲಿ ಬೇರೆ ಬೇರೆ ಪ್ರಭೇದಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಅವನ್ನು ಬೇರ್ಪಡಿಸಲು ತಜ್ಞನು ಗಂಡಿನ ಬಾಲದ ತುದಿಯಲ್ಲಿರುವ ಚಿಕ್ಕ ಹಿಡಿಕೆಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕಾಗುತ್ತದೆ. ಕೂಡುವಾಗ ಗಂಡು ಹೆಣ್ಣಿನ ಕತ್ತಿನ ಹಿಂಭಾಗವನ್ನು ಈ ಹಿಡಿಕೆಗಳಿಂದ ಹಿಡಿಯುತ್ತದೆ. ಬೀಗಕ್ಕೆ ಬೀಗದಕೈ ಹೊಂದುವಂತೆ ಅವು ಹೊಂದಬೇಕು. ನಮ್ಮ ಕಣ್ಣಿಗೆ ಕಾಣದ ಭೇದ ಆ ಕೀಟಗಳಿಗೆ ಚೆನ್ನಾಗಿ ಗೊತ್ತು.

ಮುಖ ನೋಡಿ ಮಣೆ ಹಾಕಬಾರದೆಂಬ ಪಾಠವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿಸಿದ್ದು 2014ರ ಒಂದು ಸಂಶೋಧನೆ. ಅದರ ಹಿನ್ನೆಲೆಯನ್ನು ತುಸು ವಿವರಿಸಬೇಕು. ಕನ್ಯಾಕೀಟಗಳಲ್ಲಿ ಕೆಲವಕ್ಕೆ ದಾರದಷ್ಟು ಸಣ್ಣ, ನೀಳವಾದ ಹೊಟ್ಟೆ; ರೆಕ್ಕೆ ಬಹಳ ಕಿರಿದು; ರೆಕ್ಕೆಯ ಹಿಂಬದಿಯ ಅಂಚಿನ ಒಂದು ಸಿರೆ ಕುಗ್ಗಿಹೋಗಿರುತ್ತದೆ, ಇಲ್ಲವೆ ಮಾಯವಾಗಿರುತ್ತದೆ. ಇಂಥವು ಪಶ್ಚಿಮಘಟ್ಟದಲ್ಲಿಯೂ ಇವೆ, ಆಫ್ರಿಕದಲ್ಲಿಯೂ ಇವೆ, ದಕ್ಷಿಣ ಅಮೆರಿಕದಲ್ಲಿಯೂ ಇವೆ. ಸಿರೆಯನ್ನು ನಂಬಿದ ವಿದ್ವಾಂಸರು ಇವನ್ನೆಲ್ಲ ‘ಪ್ರೋಟೋನ್ಯೂರಿಡೆ’ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಬಹುಕಾಲ ಎಲ್ಲ ಪುಸ್ತಕಗಳಲ್ಲಿಯೂ ಹಾಗೆಯೇ ಇತ್ತು.

ಡೈಕ್‌ಸ್ಟ್ರ ಎಂಬ ಡಚ್ ವಿಜ್ಞಾನಿಯೂ ಅವನ ಸಂಗಡಿಗರೂ ಕನ್ಯಾಕೀಟಗಳ ಸುಮಾರು 310 ಕುಲಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳ ಡಿ.ಎನ್.ಎ.ಯನ್ನು, ಎಂದರೆ ಜೀವಕೋಶದೊಳಗಿನ ಆನುವಂಶಿಕ ಬರೆಹವನ್ನು, ಒಂದಕ್ಕೊಂದು ಹೋಲಿಸಿದರು. ಬಂದ ಉತ್ತರ ಇದು: ಆ ಕುಟುಂಬ ಒಂದು ಕುಟುಂಬವೇ ಅಲ್ಲ. ಅಮೆರಿಕದವು ಒಂದು ವಂಶಕ್ಕೆ, ಹಳೆಯ ಖಂಡಗಳವು ಇನ್ನೊಂದು ವಂಶಕ್ಕೆ ಸೇರಿದವು. ಕಿರಿದಾದ ರೆಕ್ಕೆಯಲ್ಲಿ ಹಿಂಬದಿಯ ಸಿರೆಗೆ ಎಡೆಯಿಲ್ಲ. ಆದುದರಿಂದ ಅದು ಎರಡು ಕಡೆಯೂ ಸ್ವತಂತ್ರವಾಗಿ ಕುಗ್ಗಿದೆ. ನಮ್ಮ ಮಲೆನಾಡಿನ ತೊರೆಯ ಕಪ್ಪು ನೀಲಿ ಪಟ್ಟೆಯ ಕೀಟವು, ತನ್ನಂತೆಯೇ ಕಾಣುವ ಬ್ರೆಜಿಲ್ಲಿನ ಕೀಟಕ್ಕಿಂತ, ತನ್ನ ಪಕ್ಕದ ಪೊದೆಯಲ್ಲಿ ಕೂರುವ ‘ಕೊಪೆರ’ ಎಂಬ ಬೇರೆ ಚಹರೆಯ ಕೀಟಕ್ಕೆ ಹತ್ತಿರದ ನೆಂಟ. ಹೀಗಾಗಿ ಪ್ರೋಟೋನ್ಯೂರಿಡೆ ಎಂಬ ಮನೆಯೇ ಒಡೆಯಿತು. ಹಳೆಯ ಖಂಡಗಳವು ‘ಪ್ಲಾಟಿಕ್ನೆಮಿಡಿಡೆ’ ಎಂಬ ಕುಟುಂಬಕ್ಕೂ ಅಮೆರಿಕದವು 1,200ಕ್ಕೂ ಹೆಚ್ಚು ಪ್ರಭೇದಗಳ ಮಹಾಕುಟುಂಬವಾದ ‘ಸೀನಾಗ್ರಿಯಾನಿಡೆ’ಗೂ ಸೇರಿಹೋದವು.

ಸಾಹಿತ್ಯಾಸಕ್ತರಾದ ನಿಮಗೆ ಈ ಬಗೆಯ ವಾದ ಹೊಸದಲ್ಲ. ಶಬ್ದಸಂಪತ್ತನ್ನಷ್ಟೇ ನೋಡಿದರೆ ಕನ್ನಡವನ್ನು ಸಂಸ್ಕೃತದ ಮಗಳೆಂದೇ ಹೇಳಬೇಕಾಗುತ್ತಿತ್ತು. ಹಾಗೆ ಹೇಳಿದವರೂ ಇದ್ದರು. 1856ರಲ್ಲಿ, ಸೆಲಿಸನು ಕನ್ಯಾಕೀಟಗಳನ್ನು ಬೇರ್ಪಡಿಸಿದ ಎರಡೇ ವರ್ಷಗಳ ತರುವಾಯ, ಕಾಲ್ಡ್‌ವೆಲ್ ತನ್ನ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣದಲ್ಲಿ ಸರ್ವನಾಮ, ಸಂಖ್ಯಾವಾಚಕ, ಕ್ರಿಯಾರೂಪಗಳನ್ನು ಹೋಲಿಸಿ ನಂಟಸ್ತಿಕೆಯನ್ನು ನಿರ್ಣಯಿಸಿದ. ಎರವಲು ಬಂದ ಒಡವೆ ಬೇರೆ, ರಕ್ತದಲ್ಲಿ ಬಂದ ಗುಣ ಬೇರೆ. ಬಲೂಚಿಸ್ತಾನದ ಬ್ರಾಹುಈ ಭಾಷೆ ಸುತ್ತಲಿನ ಭಾಷೆಗಳ ನಡುವೆ ಒಂಟಿಯಾಗಿ ನಿಂತಿದ್ದರೂ ನಮ್ಮ ಮನೆತನದ್ದೇ ಎಂಬುದು ತಿಳಿದದ್ದೂ ಇಂಥ ಹೋಲಿಕೆಯಿಂದಲೇ.

ಕನ್ಯಾಕೀಟಗಳಲ್ಲಿಯೂ ಒಂದು ಬ್ರಾಹುಈ ಉಂಟು. ಕೀನ್ಯ, ಟಾಂಜಾನಿಯಗಳ ಕರಾವಳಿಯ ಕಾಡುಗಳಲ್ಲಿ ‘ಕೊರಿಫ್ಯಾಗ್ರಿಯಾನ್ ಗ್ರಾಂಡಿಸ್’ ಎಂಬ ನೀಳಮೈಯ ಕೀಟವೊಂದಿದೆ. 1924ರಲ್ಲಿ ಹೆಸರು ಪಡೆದ ಇದು ಎಲ್ಲಿ ಸಲ್ಲಬೇಕೆಂಬುದು ಬಹುಕಾಲ ಬಗೆಹರಿಯದ ವಿವಾದ. ಇದರ ಮರಿಗಳೂ ಮರದ ಪೊಟರೆಯ ನೀರಿನಲ್ಲಿಯೇ ಬೆಳೆಯುತ್ತವೆ. ಕೊನೆಗೆ ಮೈಕಟ್ಟಿನ ಅಭ್ಯಾಸವೂ ಡಿ.ಎನ್.ಎ.ಯ ಸಾಕ್ಷ್ಯವೂ ಒಂದೇ ಕಡೆಗೆ ಬೊಟ್ಟುಮಾಡಿದವು. ಇದರ ನೆಂಟರಿರುವುದು ಅಟ್ಲಾಂಟಿಕ್ ಸಾಗರದ ಆಚೆ. ನಾನು ಮೊದಲು ಹೇಳಿದ ಅಮೆರಿಕದ ಆ ಜೇಡಭಕ್ಷಕ ದೈತ್ಯರೇ ಇದರ ಬಳಗ. ಆಫ್ರಿಕವೂ ದಕ್ಷಿಣ ಅಮೆರಿಕವೂ ಒಂದೇ ನೆಲವಾಗಿದ್ದ ಕಾಲದ ಉಳಿಕೆ ಇದಾಗಿರಬಹುದೆಂದು ಹಲವರು ಊಹಿಸುತ್ತಾರೆ.

ಕನ್ಯಾಕೀಟಕ್ಕೂ ಏರೋಪ್ಲೇನ್ ಚಿಟ್ಟೆಗೂ ನಡುವಿನ ಗಡಿಯಲ್ಲಿಯೇ ಕುಳಿತ ಜೀವಿಯೂ ಒಂದಿದೆ. ಅದರ ಹೆಸರು ‘ಎಪಿಯೋಫ್ಲೀಬಿಯ’. ಜಪಾನಿನಲ್ಲಿ ಒಂದು ಪ್ರಭೇದ, ನಮ್ಮ ಹಿಮಾಲಯದಲ್ಲಿ ಇನ್ನೊಂದು. ಹಿಮಾಲಯದ್ದನ್ನು ವಿಜ್ಞಾನಲೋಕ ಮೊದಲು ಅರಿತದ್ದು ಡಾರ್ಜಿಲಿಂಗಿನ ಕಡೆಯ ತೊರೆಯೊಂದರ ಮರಿಯಿಂದ. 1921ರಲ್ಲಿ ಟಿಲ್ಯಾರ್ಡ್ ಅದನ್ನು ವರ್ಣಿಸಿದ. ರೆಕ್ಕೆಗಳು ಕನ್ಯಾಕೀಟದಂತೆ ಸಮನಾದವು, ಕುಳಿತಾಗ ಬೆನ್ನ ಮೇಲೆ ಕೂಡುವಂಥವು. ಮೈ ಮಾತ್ರ ಏರೋಪ್ಲೇನ್ ಚಿಟ್ಟೆಯಂತೆ ದಪ್ಪ. ಜಪಾನಿನ ಪ್ರಭೇದಕ್ಕೆ ಸೆಲಿಸನು ಇಟ್ಟ ‘ಸೂಪರ್‌ಸ್ಟೀಸ್’ ಎಂಬ ಹೆಸರಿಗೆ ಬದುಕುಳಿದದ್ದು ಎಂದು ಅರ್ಥ. ಇಂದಿನ ನಿರ್ಣಯದಂತೆ ಇದು ಏರೋಪ್ಲೇನ್ ಚಿಟ್ಟೆಗಳ ಕಡೆಯ ನೆಂಟ. ಇಲ್ಲಿಯೂ ರೆಕ್ಕೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಈ ಕುಲಗೋತ್ರದ ಲೆಕ್ಕಾಚಾರದಿಂದ ಯಾರಿಗೆ ಏನು ಲಾಭ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ನನಗೆ ತೋರುವ ಉತ್ತರವನ್ನು ಎರಡು ಉದಾಹರಣೆಗಳ ಮೂಲಕ ಹೇಳುತ್ತೇನೆ.

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಜೌಗುಗಳಲ್ಲಿ ‘ಹೆಮಿಫ್ಲೀಬಿಯ ಮಿರಾಬಿಲಿಸ್’ ಎಂಬ ಲೋಹದ ಹೊಳಪಿನ ಹಸುರು ಕೀಟವೊಂದಿತ್ತು. ಅದಕ್ಕೆ ಹೆಸರಿಟ್ಟವನೂ ಸೆಲಿಸನೇ. ಅದರ ಕುಟುಂಬದಲ್ಲಿ ಇಂದು ಬದುಕಿರುವುದು ಅದೊಂದೇ ಪ್ರಭೇದ. ಬಹು ಹಿಂದೆಯೇ ಕವಲೊಡೆದ ಕೊಂಬೆಯ ತುದಿಯಲ್ಲಿ ಉಳಿದ ಒಂದೇ ಎಲೆ ಎನ್ನಬಹುದು. ಜೌಗುಗಳನ್ನು ಬಸಿದು ಹುಲ್ಲುಗಾವಲು ಮಾಡಿದಂತೆ ಅದು ಕಣ್ಮರೆಯಾಯಿತು. ಅಳಿದೇ ಹೋಯಿತೆಂದು ಹಲವರು ಭಾವಿಸಿದ್ದರು. 1985ರಲ್ಲಿ ವಿಲ್ಸನ್ಸ್ ಪ್ರಾಮಂಟರಿ ಎಂಬ ಭೂಶಿರದಲ್ಲಿ ಮತ್ತೆ ಕಂಡಿತು. ಅನಂತರ ಗುರುತು ಬಲ್ಲವರು ಹುಡುಕಿದಂತೆ ಬೇರೆ ಜೌಗುಗಳಲ್ಲಿಯೂ ಟಾಸ್ಮೇನಿಯದಲ್ಲಿಯೂ ಸಿಕ್ಕಿತು. ವಂಶವೃಕ್ಷದಲ್ಲಿ ಅದರ ಸ್ಥಾನ ಗೊತ್ತಿಲ್ಲದಿದ್ದರೆ ಅದು ಕಣ್ಮರೆಯಾದದ್ದು ಸಾವಿರಾರು ಪುಟ್ಟ ಕೀಟಗಳಲ್ಲಿ ಒಂದು ಕಡಮೆಯಾದಂತೆ ತೋರುತ್ತಿತ್ತು. ಸ್ಥಾನ ತಿಳಿದವರಿಗೆ ಅದು ಒಂದು ಇಡೀ ಕುಟುಂಬದ ಪ್ರಶ್ನೆಯಾಗಿತ್ತು. ನೂರು ಮಕ್ಕಳ ಮನೆಯಲ್ಲಿ ಒಂದು ಮಗು ತೀರಿಕೊಂಡರೂ ದುಃಖವೇ. ಆದರೆ ಒಬ್ಬನೇ ಉಳಿದ ವಂಶದಲ್ಲಿ ಅವನೂ ಹೋದರೆ ಆ ಮನೆಯ ಬಾಗಿಲೇ ಮುಚ್ಚಿದಂತೆ.

ಎರಡನೆಯ ಉದಾಹರಣೆ ನಮ್ಮ ಘಟ್ಟದ್ದು. 1922ರಲ್ಲಿ ಫ್ರೇಸರ್ ‘ಮೆಲನೋನ್ಯೂರ’ ಎಂಬ ಕುಲವನ್ನು ಲೋಕಕ್ಕೆ ಪರಿಚಯಿಸಿದ. ಕೊಡಗು, ವಯನಾಡು ಪ್ರದೇಶದ ನೆರಳಿನ ತೊರೆಗಳಲ್ಲಿ ಸಿಗುವ ಒಂದೇ ಪ್ರಭೇದ ಅದರಲ್ಲಿತ್ತು. ನೂರು ವರ್ಷಗಳಿಗೂ ಹೆಚ್ಚು ಕಾಲ ಅದು ಒಂಟಿಯಾಗಿಯೇ ಇತ್ತು. 2024ರಲ್ಲಿ ಘಟ್ಟದ ದಕ್ಷಿಣದ ತುದಿಯ ಅಗಸ್ತ್ಯಮಲೆಯಲ್ಲಿ ಅದರ ತಮ್ಮನೊಂದು ಗುರುತಿಗೆ ಬಂತು. ಪ್ರೋಟೋಸ್ಟಿಕ್ಟ ಕುಲದಲ್ಲಿಯೂ ಈಚಿನ ವರ್ಷಗಳಲ್ಲಿ ಒಂದರ ಮೇಲೊಂದು ಹೊಸ ಪ್ರಭೇದ ಪಶ್ಚಿಮಘಟ್ಟದಿಂದ ವರದಿಯಾಗುತ್ತಿದೆ; 2025ರಲ್ಲಿ ಪ್ರಕಟವಾದವುಗಳಲ್ಲಿ ಒಂದು ಕೊಡಗಿನದು. ಇವು ನಿನ್ನೆ ಮೊನ್ನೆ ಹುಟ್ಟಿದ ಕೀಟಗಳಲ್ಲ. ಅಡಕೆ ತೋಟದ ಕೆಳಗೆ, ಏಲಕ್ಕಿ ಮಲೆಯ ನಡುವೆ, ಅಂಗೈಯಗಲದ ಬಿಸಿಲುಕೋಲಿನಲ್ಲಿ ಲಕ್ಷಾಂತರ ವರ್ಷಗಳಿಂದ ಇದ್ದವೇ. ಹೊಸದಾಗಿ ಹುಟ್ಟಿದ್ದು ನಮ್ಮ ಅರಿವು.

ಅರಿವು ಹುಟ್ಟುವ ಮೊದಲೇ ನೀರು ಬತ್ತಿದರೆ ಏನು ಗತಿ? 2021ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಮೊದಲ ಬಾರಿಗೆ ಈ ಗಣದ ಎಲ್ಲ ಪ್ರಭೇದಗಳ ಸ್ಥಿತಿಗತಿಯನ್ನು ಅಳೆದು ಮುಗಿಸಿತು. ಪರಿಶೀಲಿಸಿದ 6,016 ಪ್ರಭೇದಗಳಲ್ಲಿ, ಏರೋಪ್ಲೇನ್ ಚಿಟ್ಟೆಗಳೂ ಸೇರಿ, ನೂರಕ್ಕೆ 16ರಷ್ಟು ಅಳಿವಿನ ಅಂಚಿನತ್ತ ಸರಿದಿವೆ. ಜೌಗು ಬಸಿಯುವುದು, ತೊರೆ ಕಟ್ಟುವುದು, ದಡದ ಮರ ಕಡಿಯುವುದು, ನೀರಿಗೆ ಕೊಳೆ ಬಿಡುವುದು: ಕಾರಣಗಳು ನಮಗೆಲ್ಲ ತಿಳಿದವೇ. ಪಶ್ಚಿಮಘಟ್ಟದ ರಾಮಪತ್ರೆ ಜೌಗುಗಳ ಹೆಸರನ್ನೇ ಇಂಗ್ಲಿಷಿನಲ್ಲಿ ಹೊತ್ತ ಕನ್ಯಾಕೀಟಗಳುಂಟು. ಆ ಜೌಗುಗಳನ್ನು ನಮ್ಮ ಉತ್ತರ ಕನ್ನಡದಲ್ಲಿ ‘ಜಡ್ಡಿ’ ಎನ್ನುತ್ತಾರೆ. ಅಡಕೆಯ ತೋಟಕ್ಕೂ ಗದ್ದೆಗೂ ಎಡೆಮಾಡಿಕೊಟ್ಟು ಅವು ಈಗ ಅಲ್ಲೊಂದು ಇಲ್ಲೊಂದು ತುಣುಕಾಗಿ ಉಳಿದಿವೆ. ರೆಕ್ಕೆಯ ಕೀಟ ಹಾರಿ ಇನ್ನೊಂದು ಕಡೆ ಹೋಗಬಹುದಲ್ಲ ಎಂದರೆ, ನೆರಳಿನಲ್ಲೇ ಬಾಳಿದ ಈ ದುರ್ಬಲ ರೆಕ್ಕೆಗಳಿಗೆ ಬಿಸಿಲಿನ ಬಯಲೇ ಒಂದು ಕಡಲು.

ಲೋಕದಲ್ಲಿ ಒಂದನ್ನು ಉಳಿಸಬೇಕಾದರೆ ಮೊದಲು ಅದನ್ನು ಇನ್ನೊಂದರಿಂದ ಬೇರೆಯೆಂದು ಗುರುತಿಸಬೇಕು. ಎಲ್ಲವನ್ನೂ ‘ಹುಳ’ ಎಂಬ ಒಂದೇ ಮಾತಿನಲ್ಲಿ ಮುಗಿಸುವವನಿಗೆ ಯಾವುದು ಹೋದರೂ ಏನೂ ಹೋದಂತೆ ಆಗುವುದಿಲ್ಲ. ಹೆಸರಿಡುವುದು, ನೆಂಟಸ್ತಿಕೆಯನ್ನು ಹುಡುಕುವುದು, ತಪ್ಪಿದ್ದರೆ ಪುಸ್ತಕವನ್ನು ತಿದ್ದಿ ಮತ್ತೆ ಬರೆಯುವುದು ಒಣ ಪಾಂಡಿತ್ಯದಂತೆ ಕಾಣಬಹುದು. ನಿಜವಾಗಿ ನೋಡಿದರೆ ಅದೊಂದು ಬಗೆಯ ಮರ್ಯಾದೆ. ಎದುರಿಗಿರುವ ಜೀವಕ್ಕೂ ತನ್ನದೇ ಆದ ಮನೆತನವುಂಟು, ಚರಿತ್ರೆಯುಂಟು ಎಂದು ಒಪ್ಪಿಕೊಳ್ಳುವ ಮರ್ಯಾದೆ. ಲಿನೇಯಸನು ಒಂದೇ ಕುಲದಲ್ಲಿ ಕಟ್ಟಿದ ಗಂಟನ್ನು ಸೆಲಿಸ್ ಬಿಚ್ಚಿದ. ಸೆಲಿಸನ ತರುವಾಯದವರು ಸಿರೆಗಳಿಂದ ನೆಯ್ದದ್ದನ್ನು ನಮ್ಮ ಕಾಲದವರು ಬಿಚ್ಚಿ ಮತ್ತೆ ನೆಯ್ಯುತ್ತಿದ್ದಾರೆ. ನಾಳಿನವರು ಇದನ್ನೂ ತಿದ್ದಿಯಾರು.

ಅವರು ತಿದ್ದಬೇಕಾದರೆ ಕೀಟಗಳು ಇರಬೇಕು; ಕೀಟಗಳು ಇರಬೇಕಾದರೆ ನೀರು ಇರಬೇಕು. ಮುಂದಿನ ಸಲ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ನಡೆದುಹೋಗುವಾಗ ನೀರಂಚಿನ ಹುಲ್ಲಿನ ಕಡೆ ಒಂದು ಗಳಿಗೆ ಬಗ್ಗಿ ನೋಡಿ. ಬೆನ್ನ ಮೇಲೆ ರೆಕ್ಕೆ ಮಡಿಸಿ ಕುಳಿತ ಕಡ್ಡಿಯೊಂದು ಕಂಡರೆ ಅದು ಯಾರ ಪೈಕಿ ಎಂದು ಕೇಳಿ. ಉತ್ತರ ಆ ಕ್ಷಣಕ್ಕೆ ಸಿಗದಿದ್ದರೂ ಚಿಂತೆಯಿಲ್ಲ. ಕೇಳುವವರು ಊರಿಗೆ ಒಬ್ಬರಾದರೂ ಇದ್ದರೆ ಸಾಕು.